ಧನಿಷ್ಠೆ ಮುಳುಗುವವರೆಗೆ

ಮೊದಲು ನನ್ನ ಗಮನಕ್ಕೆ ಬಂದದ್ದು ನಾಲ್ಕು ನಿಮಿಷದ ವ್ಯತ್ಯಾಸ.

ಸಂಕ್ರಾಂತಿಯ ಮಾರನೆಯ ದಿನ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ನನ್ನ ಮಗಳು ಕಲ್ಯಾಣಿ ಊಟದ ತಟ್ಟೆಯ ಅಂಚಿಗೆ ಐದು ಸಲ ಬೆರಳಿನಿಂದ ತಟ್ಟಿದಳು. ಮರುದಿನ ಒಂದು ಹದಿನಾರಕ್ಕೆ ತಟ್ಟಿದಳು. ಅದರ ಮರುದಿನ ಒಂದು ಹನ್ನೆರಡಕ್ಕೆ.

ನಾಲ್ಕೂವರೆ ವರ್ಷದ ಮಗು ತಟ್ಟೆ ಬಡಿಯುವುದನ್ನು ಯಾರೂ ಹೊತ್ತು ಹಾಕಿ ಬರೆದಿಡುವುದಿಲ್ಲ. ನಾನು ಬರೆದಿಡುತ್ತಿದ್ದೆ. ಕಲ್ಯಾಣಿ ಹುಟ್ಟಿನಿಂದ ಕಿವುಡಿ. ಏಳು ತಿಂಗಳ ಹಿಂದೆ ಸರ್ಕಾರಿ ಶಿಬಿರವೊಂದರಲ್ಲಿ ಅವಳ ಕಿವಿಯ ಹಿಂದೆ, ಚರ್ಮದ ಅಡಿಯಲ್ಲಿ, ಒಂದು ಪುಟ್ಟ ರಿಸೀವರ್ ಕೂರಿಸಿದ್ದರು. ಹೊರಗಿನ ಭಾಗ ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುತ್ತದೆ. ಅದು ಸುತ್ತಲಿನ ಸದ್ದನ್ನು ರೇಡಿಯೊ ಮಿಡಿತವಾಗಿ ಬದಲಿಸಿ ಚರ್ಮದಾಚೆಗೆ ಕಳಿಸುತ್ತದೆ. ಒಳಗಿನದು ಅದನ್ನು ನರಕ್ಕೆ ಮುಟ್ಟಿಸುತ್ತದೆ. ನಮ್ಮ ಮನೆಯಲ್ಲಿ ಅದರ ಹೆಸರು 'ಮಿಷನ್'. ಮಗು ಯಾವ ಸದ್ದಿಗೆ ತಿರುಗಿತು, ಎಷ್ಟು ಹೊತ್ತಿಗೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ ಎಂದು ವಾಕ್ ತರಬೇತಿಯ ಸಬೀಹಾ ಮೇಡಂ ಹೇಳಿದ್ದರು. ಕುಕ್ಕರ್ ಕೂಗಿದ್ದು, ಹಾಲಿನವನ ಸ್ಕೂಟರ್, ಶಾಲೆಯ ಗಂಟೆ, ಎಲ್ಲ ಬರೆದಿದ್ದೆ. ಆ ಐದು ತಟ್ಟಿನ ಎದುರು ಮಾತ್ರ 'ಯಾವ ಸದ್ದು' ಎಂಬ ಕಾಲಂ ಖಾಲಿ ಉಳಿದಿತ್ತು. ಮನೆಯಲ್ಲಿ ಆ ಹೊತ್ತಿಗೆ ಸದ್ದೇ ಇರಲಿಲ್ಲ.

ಊರಿನಲ್ಲಿರುವುದೆಲ್ಲ ಸೂರ್ಯನ ಗಡಿಯಾರದ ಪ್ರಕಾರ ನಡೆಯುತ್ತದೆ. ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಬರುವುದು ನಕ್ಷತ್ರಗಳು ಮಾತ್ರ. ನಾನು ಹನ್ನೊಂದು ವರ್ಷದಿಂದ ಊರಾಚೆಯ ರೇಡಿಯೊ ವೀಕ್ಷಣಾಲಯದಲ್ಲಿ ದಾಖಲೆ ನೋಡಿಕೊಳ್ಳುವವಳು. ಅಲ್ಲಿ ಕೆಲಸಕ್ಕೆ ಸೇರಿದವರು ಮೊದಲ ದಿನ ಕಲಿಯುವ ಪಾಠವೇ ಇದು. ನೋಟ್‌ಬುಕ್ ಹಿಡಿದುಕೊಂಡು ಅಂಗಳಕ್ಕೆ ಹೋಗಿ ಮೇಲೆ ನೋಡಿದೆ. ಬಿಸಿಲು ಬಿಟ್ಟರೆ ಏನೂ ಕಾಣಲಿಲ್ಲ. ಲೆಕ್ಕ ಹಾಕಿದೆ. ಜನವರಿಯ ಆ ದಿನ, ಆ ಹೊತ್ತಿಗೆ, ನಮ್ಮ ಊರಿನ ನೆತ್ತಿಯ ಮೇಲೆ, ಬೆಳಕಿನ ಹಿಂದೆ ಕಾಣದೆ ನಿಂತಿರುವುದು ಧನಿಷ್ಠೆ.

ಧನಿಷ್ಠೆಯನ್ನು ಗುರುತಿಟ್ಟು ನೋಡಿದವರು ಕಡಿಮೆ. ಕೈ ಚಾಚಿ ಎರಡು ಹೆಬ್ಬೆರಳು ಅಡ್ಡ ಹಿಡಿದರೆ ಮುಚ್ಚಿಹೋಗುವಷ್ಟು ಚಿಕ್ಕದು. ನಾಲ್ಕು ಚುಕ್ಕೆಗಳ ಒಂದು ವಜ್ರಾಕಾರ, ಕೆಳಗೆ ಬಾಲದಂತೆ ಐದನೆಯದು. ನಮ್ಮ ಹಿರಿಯರಿಗೆ ಅದು ಮದ್ದಳೆಯಾಗಿ ಕಂಡಿತು. ಅಷ್ಟವಸುಗಳನ್ನು ಅದಕ್ಕೆ ದೇವತೆಗಳಾಗಿಸಿದರು. ಗ್ರೀಕರಿಗೆ ಅದು ಮುಳುಗುತ್ತಿದ್ದ ಹಾಡುಗಾರನನ್ನು ಬೆನ್ನ ಮೇಲೆ ಹೊತ್ತು ದಡ ಸೇರಿಸಿದ ಡಾಲ್ಫಿನ್. ಚೀನೀಯರಿಗೆ ಸೋರೆಕಾಯಿ. ಪಶ್ಚಿಮದ ಕೆಲವರು ಅದನ್ನು ಶವಪೆಟ್ಟಿಗೆ ಎಂದೂ ಕರೆದರು. ಅದರಲ್ಲಿ ಹೆಚ್ಚು ಪ್ರಕಾಶದ ಎರಡು ಚುಕ್ಕೆಗಳ ಹೆಸರು ಸುವಾಲೊಸಿನ್, ರೋಟನೆವ್. ಯಾವ ಭಾಷೆಯವೆಂದು ತಿಳಿಯದೆ ಪಂಡಿತರು ಬಹಳ ಕಾಲ ತಲೆ ಕೆಡಿಸಿಕೊಂಡರಂತೆ. ಇನ್ನೂರು ವರ್ಷದ ಹಿಂದೆ ಇಟಲಿಯ ವೀಕ್ಷಣಾಲಯದ ಸಹಾಯಕನೊಬ್ಬ ತನ್ನ ಹೆಸರಿನ ಲ್ಯಾಟಿನ್ ರೂಪದ ಅಕ್ಷರಗಳನ್ನೇ ಹಿಂದುಮುಂದಾಗಿ ಬರೆದು ನಕ್ಷತ್ರಗಳ ಪಟ್ಟಿಗೆ ಸೇರಿಸಿದ್ದ. ಪಟ್ಟಿ ಅಚ್ಚಾಗಿ, ಊರೂರು ಸುತ್ತಿ, ಹತ್ತಾರು ವರ್ಷ ಕಳೆದ ಮೇಲೆ ಯಾರೋ ಒಬ್ಬರು ಅದನ್ನು ಪತ್ತೆ ಮಾಡಿದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಕಥೆ ಕೇಳಿ ನಕ್ಕಿದ್ದೆ. ಎಲ್ಲರ ಕಣ್ಣೆದುರಿಗಿರುವ ಆಕಾಶದಲ್ಲಿ ಹೀಗೆ ಒಬ್ಬ ಹೊಕ್ಕು ಕೂರಬಹುದು, ಯಾರಿಗೂ ತಿಳಿಯುವುದಿಲ್ಲ ಎಂದು ಆಗ ಭಯವಾಗಿರಲಿಲ್ಲ.

ನನ್ನ ಮಾವ ಪಿಳ್ಳಪ್ಪ ಡೋಲು ಬಾರಿಸುವವರು. ಅವರ ಮಗ, ನನ್ನ ಗಂಡ ಗೋವಿಂದ, ನಾದಸ್ವರ. ಮಾಘದ ಮದುವೆಗಳು ಶುರುವಾದರೆ ಯುಗಾದಿ ಕಳೆಯುವವರೆಗೆ ತಂಡದ ಜೊತೆ ಊರೂರು ಸುತ್ತುತ್ತಾನೆ. ಮಾವನಿಗೆ ಮೊಣಕಾಲು ಹೋಗಿ ಎರಡು ವರ್ಷದಿಂದ ಮನೆಯಲ್ಲಿದ್ದಾರೆ. ಮೊಮ್ಮಗಳಿಗೆ ರಾಗದ ಹೆಸರಿಟ್ಟವರು ಅವರೇ, ಅವಳಿಗೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿಯುವ ಮುಂಚೆ. ಆಮೇಲೆ ಆ ಹೆಸರನ್ನು ಬದಲಿಸಲು ಅವರು ಬಿಡಲಿಲ್ಲ. ಅವಳ ಅಂಗೈಯನ್ನು ಡೋಲಿನ ಚರ್ಮದ ಮೇಲಿಟ್ಟು, ಇನ್ನೊಂದು ಬದಿಯಿಂದ ತಾವು ಬಾರಿಸಿ, ಮಿಷನ್ ಬರುವ ಮೊದಲೇ ಅವಳಿಗೆ ಲಯ ಕಲಿಸಿದ್ದರು.

ಮರುದಿನ ಆ ಹೊತ್ತಿಗೆ ಸರಿಯಾಗಿ ನಾನು ಅವರನ್ನು ಕಲ್ಯಾಣಿಯ ಎದುರು ಕೂರಿಸಿದೆ.

ಒಂದು ಎಂಟಕ್ಕೆ ಅವಳು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. ತಲೆ ಸ್ವಲ್ಪ ಓರೆಯಾಯಿತು. ತುಟಿ ಅಲುಗಿತು, ಎರಡು ಸಲ. ಆಮೇಲೆ ತಟ್ಟೆಯ ಅಂಚಿಗೆ ಐದು ತಟ್ಟು.

ಮಾವ ನಕ್ಕರು. "ತದಿಗಿಣತೊಂ! ಏನಮ್ಮಾ ಇಂದ್ರಾಣಿ, ಮುಕ್ತಾಯ ಹಾಕ್ತಾವ್ಳೆ ನಿನ್ ಮಗಳು."

"ಹಂಗಂದ್ರೆ?"

"ಒಂದು ಸೊಲ್ಲನ್ನ ಮೂರು ಸಲ ಬಾರಿಸಿ ಮುಗಿಸೋದು. ತದಿಗಿಣತೊಂ, ತದಿಗಿಣತೊಂ, ತದಿಗಿಣತೊಂ. ಆಮೇಲೆ ಎಲ್ರೂ ಒಟ್ಟಿಗೆ ನಿಲ್ಲೋದು. ಅವಳು ಬಾರ್ಸಿದ್ದು ಮೂರನೇದು ಕಣಮ್ಮ. ಮೊದಲ್ನೇದು ಎರಡನೇದು ಅವಳಿಗೆ ಎಲ್ಲಿಂದಲೋ ಕೇಳ್ತಾ ಐತೆ."

"ಎಲ್ಲಿಂದ ಮಾವ? ಮನೇಲಿ ಸದ್ದೇ ಇಲ್ಲ."

"ನನ್ನ ಕೇಳಿದ್ರೆ? ಆಕಾಶ ನೋಡೋಳು ನೀನು." ಅವರಿಗೆ ಇದು ತಮಾಷೆಯಾಗಿಯೇ ಇತ್ತು. ಮೊಮ್ಮಗಳ ಗಲ್ಲ ಹಿಂಡಿ ಹೇಳಿದರು, "ಎರಡು ಸಲ ಬಾರ್ಸಿ ಬಿಟ್ರೆ ಡೋಲು ಹಿಡಿದೋನ ಕೈ ಸುಮ್ನಿರಲ್ಲ. ಮುಗಿಸ್ಲೇಬೇಕು. ನಿದ್ದೇಲಿ ಇದ್ರೂ ಮುಗಿಸ್ತೀವಿ. ನಮ್ಮ ರಕ್ತ ಅಲ್ವಾ!"

ಹದಿನಾಲ್ಕು ನಿಮಿಷದ ನಂತರ ಕಲ್ಯಾಣಿ ಮತ್ತೆ ತಲೆ ಎತ್ತಿದಳು. ಈ ಸಲ ತಟ್ಟಲಿಲ್ಲ. ತಾತ ಶಭಾಷ್ ಅಂದಾಗ ನಗುವ ಹಾಗೆ ನಕ್ಕಳು. ಬೆರಳಲ್ಲಿ ಮೂರು ತೋರಿಸಿದಳು.

ಅಂದು ಪಾಳಿಗೆ ಹೋದವಳು ಮೊದಲು ತೆರೆದದ್ದು ಕಸದ ಫೋಲ್ಡರ್. ನಮ್ಮ ಮೈದಾನದಲ್ಲಿ ನೂರಾರು ತಂತಿಯ ಆಂಟೆನಾಗಳು ಆಕಾಶದ ಸದ್ದನ್ನು ಹಿಡಿಯುತ್ತವೆ. ಸಮಸಮನಾದ ಅಂತರದಲ್ಲಿ ಬರುವ ಮಿಡಿತ ಏನೇ ಇದ್ದರೂ ಅದು ಮನುಷ್ಯರದು, ಬೇಲಿಯ ಕರೆಂಟು, ಪಂಪ್‌ಸೆಟ್ಟು, ಬೈಕು, ಎಂದು ತೀರ್ಮಾನಿಸಿ ಕಂಪ್ಯೂಟರ್ ತಾನೇ ಅದನ್ನು ಗುಡಿಸಿ ಕಸಕ್ಕೆ ಹಾಕುತ್ತದೆ. ಆ ನಿಯಮ ಬರೆದವರಲ್ಲಿ ನಾನೂ ಒಬ್ಬಳು. ಕಲ್ಯಾಣಿಯ ಮಿಷನ್ ಕೆಲಸ ಮಾಡುವ ತರಂಗಾಂತರದ ಹತ್ತಿರವೇ ಅದು ಸಿಕ್ಕಿತು. ಐದು ಮಿಡಿತ, ತಡೆ, ಐದು ಮಿಡಿತ, ತಡೆ, ಆಮೇಲೆ ಮೌನ. ಧನಿಷ್ಠೆ ನೆತ್ತಿಗೆ ಬರುವ ಹೊತ್ತಿನಲ್ಲಿ ದಿನಕ್ಕೊಮ್ಮೆ. ಹಿಂದಕ್ಕೆ ಹೋದೆ. ಕಳೆದ ವರ್ಷವೂ ಇತ್ತು. ಅದರ ಹಿಂದಿನ ವರ್ಷವೂ. ದಾಖಲೆ ಶುರುವಾದ ಆರು ವರ್ಷವೂ ಅದು ದಿನ ತಪ್ಪದೆ ಎರಡು ಸಲ ಬಾರಿಸಿ, ಕಾದು, ಸುಮ್ಮನಾಗಿತ್ತು. ಕಲ್ಯಾಣಿ ತಟ್ಟತೊಡಗಿದ ನಾಲ್ಕು ದಿನದಿಂದ ಮಾತ್ರ ಆ ಮೌನದ ನಂತರ ಇನ್ನೊಂದು ಸಾಲಿತ್ತು: ಐದು, ಐದು, ಐದು. ಪೂರ್ತಿ.

ಮಗಳ ಮಿಷನ್ನಿನಿಂದ ಸೋರಿದ ಮಿಡಿತ ಅದಕ್ಕೆ ಕೇಳಿಸಿತ್ತು. ಅದು ಒಪ್ಪಿಕೊಂಡಿತ್ತು.

ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟು ನಿಂತೆ. ರೋಟನೆವ್ ನಮ್ಮಿಂದ ನೂರು ಜ್ಯೋತಿರ್ವರ್ಷ ದೂರ, ಸುವಾಲೊಸಿನ್ ಇನ್ನೂರೈವತ್ತು. ಅಲ್ಲಿಂದ ಉತ್ತರ ಬರುವುದಾದರೆ ನನ್ನ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೆ ಬರಬೇಕು. ಹದಿನಾಲ್ಕು ನಿಮಿಷಕ್ಕೆ ಬಂದಿದೆ. ಹೋಗಲು ಏಳು, ಬರಲು ಏಳು. ಅಂದರೆ ಅದು ನಕ್ಷತ್ರದಲ್ಲಿಲ್ಲ. ಸೂರ್ಯನಿಗಿಂತ ಹತ್ತಿರದಲ್ಲಿದೆ.

ಮರುದಿನ ಹದಿಮೂರು ನಿಮಿಷ ಐವತ್ತು ಸೆಕೆಂಡು. ಅದರ ಮರುದಿನ ಹದಿಮೂರು ನಲವತ್ತು. ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದೆ. ದಿನಕ್ಕೆ ಹತ್ತು ಸೆಕೆಂಡು ಕಡಿಮೆಯಾಗುತ್ತಾ ಹೋಯಿತು.

ಜನವರಿಯ ಕೊನೆಯಲ್ಲಿ ಮಿಷನ್ನಿನ ತಂತಿ ತುಂಡಾಯಿತು. ಕಲ್ಯಾಣಿ ಅದನ್ನು ಬೆಕ್ಕಿಗೆ ಹಾಕಲು ಹೋಗಿ ಬೆಕ್ಕು ಪರಚಿತ್ತು. ತಂತಿ ಬರಲು ನಾಲ್ಕು ದಿನವಾಗುತ್ತದೆ ಎಂದರು ಸಬೀಹಾ ಮೇಡಂ. ತರಬೇತಿ ಕೇಂದ್ರದ ಹಾಲ್‌ನಲ್ಲಿ ಅಂದು ಮಂಗಳವಾರದ ಗುಂಪು ಸೇರಿತ್ತು. ಒಂದೇ ಶಿಬಿರದಲ್ಲಿ ಒಂದೇ ಮಾದರಿಯ ಮಿಷನ್ ಹಾಕಿಸಿಕೊಂಡ ಇಪ್ಪತ್ತೆಂಟು ಮಕ್ಕಳು, ಸುತ್ತಲಿನ ತಾಲ್ಲೂಕುಗಳಿಂದ ಬಸ್ಸು ಹಿಡಿದು ಬಂದ ತಾಯಂದಿರು, ಟಿಫನ್ ಡಬ್ಬಿಗಳು, ಅಳು.

ನಾನು ಒಳಗೆ ಅರ್ಜಿ ತುಂಬಿ ಹೊರಗೆ ಬಂದಾಗ ಅಳು ನಿಂತಿತ್ತು. ಮೊಮ್ಮಗಳ ಸಮಾಧಾನಕ್ಕೆಂದು ಡೋಲು ಸಮೇತ ನಮ್ಮ ಜೊತೆ ಬಂದಿದ್ದ ಮಾವ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಡೋಲು ತೊಡೆಯ ಮೇಲೆ. ಆ ಮಕ್ಕಳೆಲ್ಲ ಸುತ್ತ ಮುತ್ತಿಕೊಂಡು ಚರ್ಮದ ಮೇಲೆ ಕೈ ಇಟ್ಟಿದ್ದರು.

"ಏಯ್ ಮೀಸೆ ಇಲ್ಲದ ದೊಡ್ಡಮನುಷ್ಯಾ, ಕೈ ತೆಗಿಬ್ಯಾಡ! ಎರಡಾಯ್ತು. ಈಗ ನಿಂದು. ಬಾರ್ಸು! ತ-ದಿ-ಗಿ-ಣ-ತೊಂ! ಹಾಂ! ನೋಡ್ದಾ ಮೇಡಮ್ಮಾ, ನಾಳೆ ಇವನ ಮದ್ವೇಲಿ ಇವನೇ ಬಾರಿಸ್ಕೊಂಡು ಕೂತ್ಕೋತಾನೆ!"

ಸಬೀಹಾ ಮೇಡಂ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. "ಆರು ತಿಂಗಳಿಂದ ಈ ಮಕ್ಕಳು ಸರದಿ ಬರೋವರೆಗೂ ಕಾಯೋದು ಕಲೀಲಿ ಅಂತ ಒದ್ದಾಡ್ತಿದೀನಿ ಇಂದ್ರಾಣಿಯವರೇ. ನಿಮ್ಮ ಮಾವ ಅರ್ಧ ಗಂಟೇಲಿ ಕಲಿಸಿಬಿಟ್ರು. ಪ್ರತಿ ಮಂಗಳವಾರ ಕರ್ಕೊಂಡು ಬನ್ನಿ ಪ್ಲೀಸ್."

ಕರೆದುಕೊಂಡು ಹೋದೆ. ಅದರಲ್ಲಿ ಹೆದರಬೇಕಾದದ್ದು ಏನಾದರೂ ಇದೆ ಎಂದು ನನಗೆ ತೋಚಲಿಲ್ಲ. ಏನನ್ನು ಕಂಡರೂ ಹೆದರುವವಳು ನಾನು, ಇದೊಂದಕ್ಕೆ ಹೆದರಲಿಲ್ಲ.

ಹೊಸ ತಂತಿ ಬಂದ ದಿನ ಅಳೆದೆ. ಹಿಂದಿನ ಅಳತೆಯಿಂದ ಐದು ದಿನ ಕಳೆದಿದ್ದವು. ಐವತ್ತು ಸೆಕೆಂಡು ಇಳಿದಿರಬೇಕಿತ್ತು. ಹತ್ತೇ ಸೆಕೆಂಡು ಇಳಿದಿತ್ತು. ಮಗಳು ಉತ್ತರ ಕೊಡದ ನಾಲ್ಕು ದಿನ ಅದು ಇದ್ದಲ್ಲೇ ನಿಂತಿತ್ತು. ಒಂದು ಉತ್ತರಕ್ಕೆ ಒಂದು ಹೆಜ್ಜೆ.

ಇಷ್ಟು ಹೊತ್ತಿಗೆ ನಮ್ಮ ಮುಖ್ಯಸ್ಥರಾದ ಪ್ರಾಣೇಶ್ ಸರ್‌ಗೆ ಹೇಳದೆ ಉಪಾಯವಿರಲಿಲ್ಲ. ಅವರು ಮೊದಲು ನಕ್ಕರು, ಆಮೇಲೆ ಕಸದ ಫೋಲ್ಡರ್ ನೋಡಿದರು, ಆಮೇಲೆ ಕುರ್ಚಿಯಿಂದ ಎದ್ದು ಮತ್ತೆ ಕೂತರು.

"ಇಂದ್ರಾಣಿ, ಇದೊಂದು ಗಮನಿಸಿದಿರಾ? ಇಷ್ಟು ಹತ್ತಿರ ಇರೋ ವಸ್ತು, ಭೂಮಿ ಸುತ್ತುತ್ತಾ ಹೋದ ಹಾಗೆ ಹಿಂದಿನ ನಕ್ಷತ್ರಗಳಿಂದ ಸರೀಬೇಕು. ಬಸ್ಸಲ್ಲಿ ಹೋಗುವಾಗ ಕಿಟಕಿಯಾಚೆ ಕಂಬ ಸರಿಯೋ ಹಾಗೆ. ಇದು ಒಂದು ಕೂದಲೆಳೆ ಸರಿದಿಲ್ಲ. ನಮ್ಮ ಜೊತೆ ಜೊತೆಗೇ ತಾನೂ ಸರಿದು, ಧನಿಷ್ಠೆಯ ಮುಂದೇನೇ ನಿಂತಿದೆ."

"ಮರೆಯಲ್ಲಿ ನಿಂತಿದೆ ಸರ್."

"ಮರೆ ಅಂತ ಯಾಕಂತೀರಿ?"

"ಮತ್ತೇನಂತಾರೆ ಸರ್ ಅದಕ್ಕೆ?"

ಅವರು ಒಳ್ಳೆಯ ಮನುಷ್ಯ. ಆದರೆ ಅವರ ಕಣ್ಣಲ್ಲಿ ನನ್ನ ಕಣ್ಣಲ್ಲಿದ್ದದ್ದು ಇರಲಿಲ್ಲ. ದೆಹಲಿಗೆ ಬರೆಯುತ್ತೇನೆ, ಒಪ್ಪಿಗೆ ಬರಲು ಒಂದೂವರೆ ತಿಂಗಳಾಗಬಹುದು, ಅಲ್ಲಿಯವರೆಗೆ ಮಗು ಹೀಗೇ ತಟ್ಟುತ್ತಾ ಇರಲಿ ಎಂದರು. "ಮನುಷ್ಯ ಜಾತಿ ಇಷ್ಟು ಸಾವಿರ ವರ್ಷ ಕಾದಿದ್ದು ಇದಕ್ಕೇ ಅಲ್ವಾ? ಇನ್ನೊಂದು ತಿಂಗಳು ಬಿಡಿ. ಡೇಟಾ ಬೇಕು."

"ಅದು ನನ್ನ ಮಗಳು ಸರ್."

"ಮಗಳಿಗೆ ಏನೂ ಆಗ್ತಿಲ್ವಲ್ಲ?"

ಮನೆಗೆ ಬಂದು ಮಾವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಡೋಲಿಗೆ ಬಟ್ಟೆ ಹೊದಿಸಿ ಗೋಡೆಯ ಮೊಳೆಗೆ ತೂಗುಹಾಕಿದರು.

"ಎರಡು ಬಾರ್ಸಿ ಮೂರನೇದು ಬಿಡೋದು ಪಾಠ ಅಲ್ಲ ಕಣಮ್ಮ, ಗಾಳ. ಮೀನಿಗೆ ಏನು ಇಷ್ಟ ಅಂತ ಗೊತ್ತಿರೋನು ಹಾಕಿರೋ ಗಾಳ. ಧನಿಷ್ಠಾ ಪಂಚಕದಾಗೆ, ಧನಿಷ್ಠೆಯಿಂದ ಮುಂದಿನ ಐದು ನಕ್ಷತ್ರದ ದಿನದಾಗೆ, ಯಾರಾದ್ರೂ ತೀರ್ಕೊಂಡ್ರೆ ಮನೆಗೆ ಬೀಗ ಹಾಕ್ಕೊಂಡು ಆರಾರು ತಿಂಗಳು ಬೇರೆ ಕಡೆ ಇರ್ತಿದ್ರು ನಮ್ಮೋರು. ನಾನೂ ಒಂದ್ಸಲ ಇದ್ದೆ, ಚಿಕ್ಕೋನಾಗಿದ್ದಾಗ. ಯಾಕೆ ಅಂತ ನಮ್ಮಪ್ಪನ್ನ ಕೇಳಿದ್ರೆ, ಅಲ್ಲಿಂದ ಬಂದಿದ್ದು ಒಬ್ಬರಿಗೆ ನಿಲ್ಲಲ್ಲ ಅಂದಿದ್ದ. ಅಷ್ಟೇ ಅವನಿಗೂ ಗೊತ್ತಿದ್ದಿದ್ದು."

ನಾನು ಅಂಥದ್ದನ್ನು ನಂಬುವವಳಲ್ಲ. ಆದರೂ ಅಂದು ಮಲಗುವ ಮುನ್ನ ಎರಡು ಸಲ ಚಿಲಕ ನೋಡಿಬಂದೆ.

ಫೆಬ್ರವರಿ ಹತ್ತರಿಂದ, ಧನಿಷ್ಠೆ ನೆತ್ತಿಗೆ ಬರುವ ಹೊತ್ತಿಗೆ, ಒಂದು ಗಂಟೆ ಕಾಲ ಮಿಷನ್ ತೆಗೆದಿಡತೊಡಗಿದೆ. ಕೊನೆಯ ಅಳತೆಯ ಪ್ರಕಾರ ಉಳಿದದ್ದು ಹನ್ನೊಂದು ನಿಮಿಷ ಹತ್ತು ಸೆಕೆಂಡು. ಅರವತ್ತೇಳು ಹೆಜ್ಜೆ. ಅಲ್ಲೇ ನಿಂತಿರಲಿ ಎಂದುಕೊಂಡೆ. ಮೂರು ದಿನ ಎಲ್ಲವೂ ಸರಿಹೋಯಿತು. ನಾಲ್ಕನೆಯ ದಿನ ದಾಖಲೆಯಲ್ಲಿ ಅದರ ಕರೆ ಒಂದು ಸಲವಲ್ಲ, ಧನಿಷ್ಠೆ ಹುಟ್ಟಿದಾಗಿನಿಂದ ಮುಳುಗುವವರೆಗೆ, ಹನ್ನೆರಡೂವರೆ ಗಂಟೆ, ಬಿಡದೆ ಇತ್ತು. ಎರಡು ಬಾರಿಸಿ ಕಾಯುವುದು. ಎರಡು ಬಾರಿಸಿ ಕಾಯುವುದು. ಮಕ್ಕಳು ಬಾಗಿಲು ಬಡಿಯುವಾಗಲೂ ಇಷ್ಟು ತಾಳ್ಮೆ ಇರುವುದಿಲ್ಲ. ಪುಣ್ಯಕ್ಕೆ, ನೆಗಡಿಯೆಂದು ಅಂದು ಕಲ್ಯಾಣಿ ದಿನವಿಡೀ ಮಿಷನ್ ಹಾಕಿಕೊಂಡಿರಲಿಲ್ಲ.

ಹಾಗಾಗಿ ನಮ್ಮ ಮನೆಯ ದಿನಚರಿ ಬದಲಾಯಿತು. ಅಡುಗೆಮನೆಯ ಗೋಡೆಗೆ ಹಾಲಿನ ಲೆಕ್ಕದ ಕ್ಯಾಲೆಂಡರ್ ಪಕ್ಕದಲ್ಲಿ ಇನ್ನೊಂದು ಪಟ್ಟಿ ಅಂಟಿಸಿದೆ: ಧನಿಷ್ಠೆ ಮುಳುಗುವ ಹೊತ್ತು. ಫೆಬ್ರವರಿಯ ನಡುವೆ ಸಂಜೆ ಐದೂವರೆ. ದಿನಕ್ಕೆ ನಾಲ್ಕು ನಿಮಿಷ ಮುಂಚೆ. ಅದು ಮುಳುಗಿದ ಮೇಲೆ ಮಿಷನ್ ಹಾಕುವುದು, ಮಲಗುವಾಗ ತೆಗೆಯುವುದು. ಹಗಲು ಹೊತ್ತು ಕಲ್ಯಾಣಿ ಮತ್ತೆ ಕಿವುಡಿ. ಅಂಗನವಾಡಿ ಬಿಡಿಸಿದೆ. ಮಂಗಳವಾರದ ತರಬೇತಿಯೂ ನಿಂತಿತು. ಸಬೀಹಾ ಮೇಡಂ ಫೋನಿನಲ್ಲಿ ಬೈದರು. "ಈ ವಯಸ್ಸಲ್ಲಿ ಒಂದು ದಿನ ಬಿಟ್ರೆ ಒಂದು ವಾರ ಹಿಂದೆ ಬೀಳ್ತಾಳೆ. ಐದು ವರ್ಷ ದಾಟಿದ ಮೇಲೆ ಮಿದುಳು ಮಾತು ಕಲಿಯಲ್ಲ. ತಾಯಿಯಾಗಿ ನೀವೇ ಹೀಗೆ ಮಾಡಿದ್ರೆ ಹೇಗೆ?" ನಿಜ ಹೇಳಿದೆ. ಅವರು, "ನೀವು ಸರಿಯಾಗಿ ನಿದ್ದೆ ಮಾಡ್ತಿದೀರಾ ಇಂದ್ರಾಣಿಯವರೇ?" ಎಂದು ಮೃದುವಾಗಿ ಕೇಳಿದರು.

ನವೆಂಬರಿನಲ್ಲಿ ಮೊದಲ ಸಲ 'ಅಂಬ' ಎಂದಿದ್ದಳು ಕಲ್ಯಾಣಿ. ಫೆಬ್ರವರಿಯ ಕೊನೆಗೆ ಅದು ಮತ್ತೆ ಬರೀ 'ಆ' ಆಗಿತ್ತು. ದಿನವಿಡೀ ಮಿಷನ್ ಇಟ್ಟಿದ್ದ ಬೀರುವನ್ನು ತೋರಿಸಿ ಅಳುತ್ತಿದ್ದಳು. ಆದರೆ ಪಟ್ಟಿಯ ಹೊತ್ತು ಹಿಂದೆ ಸರಿಯುತ್ತಿತ್ತು: ಐದು, ನಾಲ್ಕೂವರೆ, ನಾಲ್ಕು. ಮೇ ತಿಂಗಳಿಗೆ ಮಧ್ಯಾಹ್ನದ ಹೊತ್ತಿಗೇ ಮುಳುಗಿಬಿಡುತ್ತದೆ, ಅವಳಿಗೆ ಅರ್ಧ ದಿನ ಸಿಗುತ್ತದೆ ಎಂದು ನಾನು ಲೆಕ್ಕ ಹಾಕಿ ಧೈರ್ಯ ತಂದುಕೊಳ್ಳುತ್ತಿದ್ದೆ. ಹೀಗೂ ಬದುಕಬಹುದು ಅನ್ನಿಸಿತ್ತು.

ಯುಗಾದಿಗೆ ಒಂದು ದಿನ ಇರುವಾಗ, ಬೆಳಿಗ್ಗೆ, ಹಿಂದಿನ ದಿನದ ದಾಖಲೆ ತೆರೆದೆ. ಕರೆಯ ಗೆರೆ ದಪ್ಪವಾಗಿತ್ತು. ಮೊದಲು ಹೊತ್ತನ್ನು ಹಿಗ್ಗಿಸಿದ್ದು, ಈಗ ದನಿಯನ್ನು ಎತ್ತರಿಸಿತ್ತು. ನಮ್ಮೂರೊಂದಕ್ಕೆ ಮುಟ್ಟುತ್ತಿದ್ದದ್ದು ನಾಲ್ಕು ಜಿಲ್ಲೆಗೆ ಮುಟ್ಟುವಷ್ಟಾಗಿತ್ತು. ನಮ್ಮ ಮನೆ ಸುಮ್ಮನಾದದ್ದಕ್ಕೆ ಅದು ಬೇರೆ ಮನೆಗಳನ್ನು ಹುಡುಕಿತ್ತು. ಗೆರೆಯ ನಡುವೆ ನಡುವೆ ಆ ಮೂರು ಐದುಗಳ ಸಾಲು. ಎಣಿಸಿದೆ. ಮತ್ತೆ ಎಣಿಸಿದೆ. ಇಪ್ಪತ್ತೇಳು.

ಇಪ್ಪತ್ತೆಂಟು ಮಕ್ಕಳಲ್ಲಿ ನನ್ನವಳನ್ನು ಬಿಟ್ಟರೆ ಇಪ್ಪತ್ತೇಳು. ಒಂದು ಮಗುವಿನಿಂದ ದಿನಕ್ಕೆ ಒಂದೇ ಉತ್ತರವನ್ನು ಅದು ಒಪ್ಪಿಕೊಳ್ಳುತ್ತಿತ್ತು.

ಸಬೀಹಾ ಮೇಡಂ ಫೋನ್ ಮಾಡಿದರು. ನಾನು 'ಹಲೋ' ಎನ್ನುವ ಮೊದಲೇ ಅವರ ದನಿ ಖುಷಿಯಲ್ಲಿತ್ತು. "ಇಂದ್ರಾಣಿಯವರೇ, ಗ್ರೂಪ್ ನೋಡಿದ್ರಾ? ಮಕ್ಕಳೆಲ್ಲ ಬಾರಿಸ್ತಿದಾರೆ! ಯಾರೂ ಹೇಳಿಕೊಟ್ಟಿಲ್ಲ, ತಾವಾಗೇ! ನಿಮ್ಮ ಮಾವನಿಗೆ ಹೇಳಿ, ಅವರ ಪಾಠ ಅಂತ."

ಪೋಷಕರ ವಾಟ್ಸಾಪ್ ಗುಂಪು ತೆರೆದೆ. ಒಂದರ ಕೆಳಗೊಂದು ವಿಡಿಯೊ. ಸ್ಟೀಲ್ ಲೋಟದ ಮೇಲೆ, ಬಕೆಟ್ಟಿನ ಮೇಲೆ, ಅಜ್ಜಿಯ ಬೆನ್ನ ಮೇಲೆ. ಓರೆಯಾದ ಪುಟ್ಟ ತಲೆಗಳು. ಕಾಯುವುದು. ಆಮೇಲೆ ಐದು ತಟ್ಟು, ಆಮೇಲೆ ಆ ಶಭಾಷ್‌ಗಿರಿಯ ನಗು. ಹಿಂದಿನಿಂದ ತಾಯಂದಿರು ಅಳುವ ಸದ್ದು, ಸಂತೋಷದಿಂದ.

ಮಾವ ನನ್ನ ಹಿಂದೆ ನಿಂತು ನೋಡಿದರು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು, ಚಳಿಯಾದವರ ಹಾಗೆ. ಅಂದಿನಿಂದ ಆ ಕೈಗಳು ಹೊರಗೆ ಬಂದದ್ದು ಊಟಕ್ಕೆ ಮಾತ್ರ.

ನಾನು ಗುಂಪಿನಲ್ಲಿ ಬರೆದೆ. ಪದ ಆರಿಸಿ ಆರಿಸಿ ಬರೆದೆ, ಹುಚ್ಚಿ ಅನ್ನಿಸಬಾರದು. 'ದಯವಿಟ್ಟು ಧನಿಷ್ಠೆ ಮುಳುಗುವವರೆಗೆ, ಅಂದರೆ ಮಧ್ಯಾಹ್ನ ಮೂರೂವರೆವರೆಗೆ, ಮಕ್ಕಳ ಮಿಷನ್ ತೆಗೆದಿಡಿ. ಅಪಾಯವಿದೆ. ಕಾರಣ ಫೋನ್ ಮಾಡಿ ಹೇಳುತ್ತೇನೆ.' ಹನ್ನೊಂದು ಜನ ಕೈ ಮುಗಿದ ಚಿತ್ರ ಕಳಿಸಿದರು. ಒಬ್ಬರು, 'ಯಾಕೆ ಮೇಡಂ, ನಿಮ್ಮ ಮಾವನೇ ಅಲ್ವಾ ಕಲಿಸಿದ್ದು?' ಎಂದರು. ಅಂದು ಐದು ಮನೆಯವರು ತೆಗೆದರು. ಇಪ್ಪತ್ತೆರಡು ಉತ್ತರ ಹೋದವು. ಅರವತ್ತೇಳರಲ್ಲಿ ಇಪ್ಪತ್ತೇಳು ಹೋಗಿ, ಇಪ್ಪತ್ತೆರಡು ಹೋಗಿ, ಉಳಿದದ್ದು ಹದಿನೆಂಟು ಹೆಜ್ಜೆ.

ಅಂದು ಸಂಜೆ ಪ್ರಾಣೇಶ್ ಸರ್ ಫೋನ್ ಮಾಡಿದರು. ಅವರ ದನಿಯಲ್ಲಿ ಹಿಂದಿನ ಉತ್ಸಾಹ ಇರಲಿಲ್ಲ. "ನಾನೂ ಲೆಕ್ಕ ಹಾಕಿದೆ. ಪೊಲೀಸ್ ಸ್ಟೇಷನ್‌ಗೆ ಹೇಳಿದೆ, ಡಿಸಿ ಆಫೀಸಿಗೆ ಹೇಳಿದೆ. ಹಬ್ಬ ಮುಗಿದ ಮೇಲೆ ಬನ್ನಿ ಅಂತಾರೆ. ನಾಳೆ ಎಷ್ಟು ಮನೆ ಒಪ್ಪಿದಾರೆ?"

"ಇನ್ನೂ ಇಪ್ಪತ್ತೆರಡು ಮಕ್ಕಳು ಹಾಕ್ಕೊಂಡಿದಾರೆ ಸರ್. ಐದು ಮನೆ ಒಪ್ಪಿದ್ರೆ ಹದಿನೇಳು. ಒಂದು ಹೆಜ್ಜೆ ದೂರದಲ್ಲಿ ನಿಲ್ಲುತ್ತೆ. ಆಮೇಲೆ ನೋಡ್ಕೊಳ್ಳೋಣ."

"ಐದು," ಎಂದರು ಅವರು. "ಐದೇ ಅಲ್ವಾ. ಕೇಳಿ."

ಹಬ್ಬದ ಬೆಳಿಗ್ಗೆ ನಾಲ್ಕಕ್ಕೆ, ಧನಿಷ್ಠೆ ಆಗಲೇ ಪೂರ್ವದಲ್ಲಿ ಏರಿದ್ದಾಗ, ಎದ್ದು ಕೂತೆ. ಮಕ್ಕಳು ಏಳುವ ಮೊದಲು ಒಂದೊಂದೇ ಮನೆಗೆ ಫೋನ್. ಎಣ್ಣೆ ಹಚ್ಚುತ್ತಿದ್ದವರು, ಮಾವಿನೆಲೆ ಕಟ್ಟುತ್ತಿದ್ದವರು. ಒಬ್ಬಳು ತಾಯಿ ಮಾತು ಕೇಳಿ ತಕ್ಷಣ ಒಪ್ಪಿದಳು: "ನಂಗೂ ಭಯ ಆಗಿತ್ತಕ್ಕ, ಯಾರಿಗೆ ಹೇಳೋದು ಅಂತ ಸುಮ್ನಿದ್ದೆ." ಇನ್ನೊಬ್ಬರು ಬೈದು ಆಮೇಲೆ ಒಪ್ಪಿದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮನೆ. ಇನ್ನೊಂದು ಬೇಕಿತ್ತು.

ಉಳಿದವರಲ್ಲಿ ಕೊನೆಯವನು ಮಾಲೂರಿನ ಕಡೆಯ ಒಬ್ಬ ಆಟೊ ಚಾಲಕ. ಅವನ ಮಗನನ್ನೇ ಮಾವ ಮೀಸೆ ಇಲ್ಲದ ದೊಡ್ಡಮನುಷ್ಯ ಎಂದದ್ದು.

"ಮೇಡಂ, ನೀವು ಓದಿದೋರು, ಸುಳ್ಳು ಹೇಳಲ್ಲ ಅಂತ ಗೊತ್ತು. ಆದ್ರೆ ನಮ್ಮಪ್ಪ ಅಮ್ಮ ಊರಿಂದ ಬಂದವ್ರೆ. ಹುಟ್ಟಿದಾಗಿಂದ ಈ ಮಗೂನ ಮೂಗ ಅಂದೋರು. ಇವತ್ತು ಅವನು ತಾಳ ಹಾಕೋದು ನೋಡ್ಲಿ ಅಂತ ಎಲ್ರನ್ನೂ ಕೂರ್ಸಿದೀನಿ. ಹಬ್ಬದ ದಿನ ಕಿವುಡ ಆಗಿರು ಅಂತ ಹೆಂಗೆ ಹೇಳ್ಲಿ ಅವನಿಗೆ? ನೀವಾದ್ರೆ ಹೇಳ್ತಿದ್ರಾ?"

"ಹೇಳಿದೀನಿ," ಎಂದೆ. "ನಲವತ್ತು ದಿನದಿಂದ ಹೇಳ್ತಾ ಇದೀನಿ."

ಫೋನಿನ ಆಚೆ, ಯಾವುದೋ ತಟ್ಟೆಯ ಮೇಲೆ ಐದು ತಟ್ಟು ಕೇಳಿತು. ಆಮೇಲೆ ಒಂದು ಮನೆ ತುಂಬ ಜನ ಚಪ್ಪಾಳೆ ಹೊಡೆದರು.

ಆಗ ಗಂಟೆ ಎರಡೂ ಐವತ್ತು. ಧನಿಷ್ಠೆ ಮುಳುಗಲು ಅರ್ಧ ಗಂಟೆ ಇತ್ತು. ಎಷ್ಟು ಮಕ್ಕಳು ಆಗಲೇ ಉತ್ತರ ಕೊಟ್ಟಿದ್ದರು, ಇದು ಹದಿನೆಂಟನೆಯದೋ ಅಲ್ಲವೋ ನನಗೆ ತಿಳಿಯದು. ಫೋನ್ ಕೆಳಗಿಟ್ಟೆ. ಮಾವ ಕಂಬಕ್ಕೆ ಒರಗಿ ಕೂತಿದ್ದರು, ಕೈಗಳು ಕಂಕುಳಲ್ಲಿ. ಕಲ್ಯಾಣಿ ಹೊಸ ಲಂಗ ಹಾಕಿಕೊಂಡು ಬೇವುಬೆಲ್ಲದ ಬಟ್ಟಲು ಹಿಡಿದು ಓಡಾಡುತ್ತಿದ್ದಳು. ಮಿಷನ್ ಬೀರುವಿನಲ್ಲಿ, ಡಬ್ಬಿಯೊಳಗೆ, ಬ್ಯಾಟರಿ ತೆಗೆದು.

ಮೂರು ಗಂಟೆ ಐದು ನಿಮಿಷಕ್ಕೆ ಗೋಡೆಯ ಮೇಲಿನ ಡೋಲು ಬಾರಿಸಿತು.

ಬಟ್ಟೆಯ ಒಳಗಿನಿಂದ, ಯಾರೂ ಮುಟ್ಟದೆ. ಐದು. ತಡೆ. ಐದು. ತಡೆ.

ರಸ್ತೆಯಲ್ಲಿ ಯಾರೋ ಹಬ್ಬದ ಮಾತು ಅರ್ಧಕ್ಕೆ ನಿಲ್ಲಿಸಿದರು. ಪಕ್ಕದ ಮನೆಯ ಪಾತ್ರೆಗಳ ಸ್ಟ್ಯಾಂಡು ಅಲುಗುತ್ತಿತ್ತು. ಈಗ ಕೇಳಲು ಮಿಷನ್ ಬೇಕಾಗಿರಲಿಲ್ಲ. ನಾನು ಗಡಿಯಾರ ನೋಡಿದೆ, ಮುಳುಗಲು ಇನ್ನು ಹದಿನೈದು ನಿಮಿಷ ಎಂದುಕೊಂಡೆ. ಆಮೇಲೆ, ಇನ್ನು ಮುಳುಗುವ ಮಾತೇ ಇಲ್ಲ ಎಂದು ಹೊಳೆಯಿತು. ಅದು ಈಗ ಅಲ್ಲಿಲ್ಲ, ಇಲ್ಲಿದೆ.

"ಮಾವ!" ಎಂದು ಕೂಗಿದೆ. ಅವರು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದರು. "ಮಗೂನ ಹಿಡ್ಕೋ," ಎಂದರು. "ನನ್ನ ಕೈ ನಾನು ಹಿಡ್ಕೊಂಡಿದೀನಿ. ಮಗೂನ ಹಿಡ್ಕೋ."

ಕಲ್ಯಾಣಿಗೆ ಏನೂ ಕೇಳಿಸುವುದಿಲ್ಲ. ಆದರೂ ಅವಳು ಗೋಡೆಯ ಬಳಿ ಹೋಗಿ, ತಾತ ಕಲಿಸಿದ ಹಾಗೆ, ಡೋಲಿನ ಮೇಲೆ ಒಂದು ಅಂಗೈ ಊರಿದ್ದಳು. ತಲೆ ಓರೆಯಾಗಿತ್ತು. ನನ್ನ ಕಡೆ ತಿರುಗಿ, ಸರದಿ ತನ್ನದು ಎಂಬಂತೆ ನಕ್ಕು, ಇನ್ನೊಂದು ಕೈ ಎತ್ತಿದಳು.

ಹೋಗಿ ಹಿಡಿದುಕೊಂಡೆ.

ಆಗಿನಿಂದ ಅದು ಎರಡು ಬಾರಿಸುತ್ತಿದೆ, ಕಾಯುತ್ತಿದೆ. ಬೀದಿಯವರು ಬಾಗಿಲು ಹಾಕಿಕೊಂಡಿದ್ದಾರೆ. ನೋಟ್‌ಬುಕ್ಕಿನ 'ಯಾವ ಸದ್ದು' ಎಂಬ ಕಾಲಂ ಮುಂದೆ ಇದನ್ನೆಲ್ಲ ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದರಲ್ಲಿ ಅವಳ ಎರಡೂ ಕೈಗಳಿವೆ. ಪುಟ್ಟ ಬೆರಳುಗಳು ನನ್ನ ಮುಷ್ಟಿಯೊಳಗೆ, ಬಿಡಿಸಿಕೊಳ್ಳಲು ಅಲ್ಲ, ಎಣಿಸುತ್ತಾ ಅಲುಗುತ್ತಿವೆ.